ಸುಣ್ಣ ತಾಕಿದ ಭಂಡಾರ

ಬಿರುಬೇಸಿಗೆ. ವೈಶಾಖದ ಆಗಿ ಹುಣ್ಣಿಮೆಯ ಮರುದಿನ, ಮಂಗಳವಾರ. ಹೊತ್ತು ಬೆಳಗಿನ ಎಂಟೂವರೆ. ಚಿಕ್ಕೋಡಿಯ ಕಾಲೇಜಿನ ಹಿಂಬದಿಯ ಲ್ಯಾಬಿನಲ್ಲಿ ಅಟೆಂಡರ್ ದಶರಥ ಸ್ಟೂಲಿನ ಮೇಲೆ ನಿಂತು, ಕುಲುಮೆಯ ನೆತ್ತಿಗೆ ಕೂತ ಹಿತ್ತಾಳೆ ಪೆಟ್ಟಿಗೆಯ ನಾಲ್ಕನೆಯ ಸ್ಕ್ರೂ ಬಿಚ್ಚಿದ. ಮುಚ್ಚಳ ಎತ್ತಿ ಒಳಗೆ ನೋಡಿದವನು, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಒರೆಸುವ ಮನಸ್ಸಾಗಲಿಲ್ಲ.

ಹನ್ನೆರಡು ವರ್ಷದಿಂದ ಈ ಕುಲುಮೆ ಅವನ ಕೈಯಲ್ಲಿತ್ತು. ನಿವೃತ್ತಿಯಾಗಿ ಮೂರು ವರ್ಷ ಕಳೆದರೂ, ಇದು ಬೇರೆಯವರ ಕೈಗೆ ಬಗ್ಗುವುದಿಲ್ಲವೆಂದು ಅವನನ್ನೇ ಉಳಿಸಿಕೊಂಡಿದ್ದರು. ಇಷ್ಟೂ ವರ್ಷ ಅವನಿಗೆ ಹೇಳಿದ್ದು ಒಂದೇ ಮಾತು: ಕೆಳಗಿನ ಗಾಜು ದಿನಾ ಒರೆಸು, ಮೇಲಿನ ಪೆಟ್ಟಿಗೆ ಮುಟ್ಟಬೇಡ. ನಿನ್ನೆ ಸಂಜೆ ಮಾತ್ರ ಪ್ರೊಫೆಸರ್ ಶೀತಲ ಮಗದುಮ್ ಬಾಗಿಲಲ್ಲಿ ನಿಂತು, "ದಶರಥ, ಶುಕ್ರವಾರ ಚೌಕಶಿಗೆ ಮಂದಿ ಬರ್ತಾರ. ಎಲ್ಲಾ ಲಕಲಕ ಇರಲಿ. ಮ್ಯಾಲಿನ ಪೆಟಿಗೀನೂ ಒಮ್ಮೆ ಒರಸಿಬಿಡ್ರಿ," ಅಂದಿದ್ದರು.

ಶುಕ್ರವಾರದ ಚೌಕಶಿ ಅಂದರೆ ಇದೇ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ನೀಲಮಳ ವಿಚಾರಣೆ. ಅವಳು ಅಳೆದ ಅಂಕಿಗಳೆಲ್ಲ ಇದ್ದ ಕರಿ ರಟ್ಟಿನ ಪುಸ್ತಕ ಹದಿನೈದು ದಿನದ ಹಿಂದೆ ಕಪಾಟಿನಿಂದ ಮಾಯವಾಗಿತ್ತು. ಆ ಅಂಕಿ ಅಳೆದದ್ದಲ್ಲ, ಕೂತು ಬರೆದದ್ದು, ಅದಕ್ಕೇ ಪುಸ್ತಕ ಅಡಗಿಸಿದ್ದಾಳೆ ಎಂದು ದೂರು ಬರೆದು ಸಹಿ ಹಾಕಿದವರು ಅವಳ ಗುರುಗಳೇ, ಈ ಶೀತಲ ಸಾಹೇಬರು. ದೂರು ಸಾಬೀತಾದರೆ ಆರು ವರ್ಷದ ಓದು ನೀರಿಗೆ ಹೋದಂತೆ. ಪಿಎಚ್‌ಡಿ ಇಲ್ಲ. ಮತ್ತಾವ ಕಾಲೇಜಿನ ಮೆಟ್ಟಿಲೂ ಇಲ್ಲ.

ದಶರಥ ಶಾಲೆಯ ನಾಲ್ಕನೆಯ ಇಯತ್ತೆ ಮುಗಿಸಿದವನು. ಆದರೆ ನೀಲಮ ಸುಳ್ಳು ಬರೆಯುವವಳಲ್ಲ ಎಂದು ತಿಳಿಯಲು ಅವನಿಗೆ ಪುಸ್ತಕ ಬೇಕಿರಲಿಲ್ಲ. ಅವಳು ಅವನ ಊರಿನ, ಅವನ ಓಣಿಯ ಹುಡುಗಿ, ಕಬ್ಬಿನಲ್ಲಿ ಕಳೆ ತೆಗೆಯುವ ಅಕ್ಕುತಾಯಿಯ ಮಗಳು. ಏಳು ವರ್ಷದವಳಿದ್ದಾಗ ಕಮ್ಮಾರನ ಕುಲುಮೆಯ ಮುಂದೆ ನಿಂತು, "ಕಾಕಾ, ಕಬ್ಬಿಣಾ ಮೊದ್ಲ ಕೆಂಪ ಯಾಕ ಆಗತೈತಿ? ಒಮ್ಮೆಲೇ ಬೆಳ್ಳಗ ಯಾಕ ಆಗೂದಿಲ್ಲ?" ಎಂದು ಕೇಳಿದವಳು. ಅದಕ್ಕೆ ಉತ್ತರ ಇರುವ ಜಾಗಕ್ಕೆ ಅವಳನ್ನು ಕರೆತಂದವನು ಅವನೇ.

ಈ ಕುಲುಮೆಯ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಝಿರ್ಕೋನಿಯಮ್ಮಿಗೆ ಹಾಫ್ನಿಯಂ ಬೆರೆಸಿ ಮಾಡಿದ ಬೋರೈಡು, ಹುಣಸೆಬೀಜದಷ್ಟು ಒಂದು ಬೂದು ಗುಂಡು. ಉಕ್ಕು ನೀರಾಗಿ ಹರಿಯುವ ಕಾವಿನಲ್ಲೂ ಅದು ಮಿಸುಕುವುದಿಲ್ಲ. ಅದನ್ನು ತೆಳು ತಂತಿಗೆ ಕಟ್ಟಿ ಒಳಗೆ ಇಳಿಬಿಟ್ಟು, ಎರಡು ಸಾವಿರ ಡಿಗ್ರಿ ದಾಟಿಸಿ, ಆಮೇಲೆ ತಂತಿಯನ್ನು ಕರೆಂಟಿನಿಂದ ಸುಟ್ಟರೆ ಗುಂಡು ಕೆಳಗಿನ ತಾಮ್ರದ ದಿಮ್ಮಿಯೊಳಗೆ ಬೀಳುತ್ತದೆ. ತಾಮ್ರ ಎಷ್ಟು ಬೆಚ್ಚಗಾಯಿತೋ ನೋಡಿದರೆ, ಗುಂಡು ಹೊಟ್ಟೆಯಲ್ಲಿ ಎಷ್ಟು ಕಾವು ಇಟ್ಟುಕೊಂಡಿತ್ತು ಅನ್ನುವುದು ತಿಳಿಯುತ್ತದೆ.

ಬೀಳುವ ಮುಂಚೆ ಗುಂಡು ಎಷ್ಟು ಡಿಗ್ರಿ ಇತ್ತು ಅನ್ನುವುದೇ ತಾಪತ್ರಯ. ಅಷ್ಟು ಉರಿಯಲ್ಲಿ ಯಾವ ಥರ್ಮಾಮೀಟರೂ ಉಳಿಯದು. ಅದಕ್ಕೇ ಬೆಳಕನ್ನು ನೋಡಿ ಅಳೆಯುತ್ತಾರೆ. ಕುಲುಮೆಯ ಬೆಳಕು ನೆತ್ತಿಯ ತೂತಿನಿಂದ ಮೇಲೆ ಬಂದು, ಹಿತ್ತಾಳೆ ಪೆಟ್ಟಿಗೆಯೊಳಗಿನ ಪ್ರಿಸಂ ಎಂಬ ಮುಮ್ಮೂಲೆಯ ಗಾಜಿಗೆ ಬಡಿದು, ಅಡ್ಡ ತಿರುಗಿ ಬೆಳಕು ಅಳೆಯುವ ಯಂತ್ರವಾದ ಪೈರೋಮೀಟರಿಗೆ ಹೋಗುತ್ತದೆ. ಬೆಳಕು ಎಷ್ಟು ಪ್ರಖರವೋ ಕಾವು ಅಷ್ಟು.

ಆ ಮುಮ್ಮೂಲೆಯ ಗಾಜು ಈಗ ಅವನ ಕಣ್ಣ ಮುಂದಿತ್ತು. ಅಂಚಿನ ಸುತ್ತ ಹಳದಿ ಬೆರೆತ ಕಂದು ಪುಡಿ ಕೂತಿತ್ತು. ನಟ್ಟನಡುವೆ ಮಾತ್ರ ಎಂಟಾಣೆಯಷ್ಟು ಅಗಲ ಫಳಫಳ.

ಪುಡಿ ಕೂತಿದೆ, ಒಂದು. ಯಾರೋ ಅದನ್ನು ನಡುವೆ ಒರೆಸಿದ್ದಾರೆ, ಎರಡು. ದಶರಥ ಎರಡನ್ನೂ ಬೇರೆ ಬೇರೆಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡ.

ಪುಡಿ ಮುಚ್ಚಿದ ಗಾಜಿನಿಂದ ಬೆಳಕು ಮಂಕಾಗಿ ಹೋಗುತ್ತದೆ. ಯಂತ್ರ ಕಾವು ಕಡಿಮೆ ಅನ್ನುತ್ತದೆ. ಒಳಗಿನ ಗುಂಡು ಮಾತ್ರ ಇನ್ನೂ ಬಿಸಿ ಇರುತ್ತದೆ, ತಾಮ್ರಕ್ಕೆ ಹೆಚ್ಚು ಕಾವು ಕೊಡುತ್ತದೆ. ನೀಲಮಳ ಲೇಖನ ಓದಿ ದೂರದ ಲ್ಯಾಬಿನವರು ಆಕ್ಷೇಪ ಬರೆದದ್ದೂ ಅದನ್ನೇ: ನೀಲಮಳ ಅಂಕಿಯಲ್ಲಿ ಕಾವು ವಿಪರೀತ ಹೆಚ್ಚು.

ದೀಪಾವಳಿಯ ಮುಂದಿನ ವಾರ ದಶರಥನ ಕಣ್ಣಿಗೆ ಅದು ಕಂಡಿತ್ತು. ಕೊಲ್ಹಾಪುರದ ಫೌಂಡ್ರಿಯಲ್ಲಿ ಹರೆಯ ಸುಟ್ಟುಕೊಂಡವನು ಅವನು. ಕಾವಿಗೆ ಅವನದೇ ಹೆಸರುಗಳಿದ್ದವು. ದಾಸವಾಳ, ಚೆಂಡುಹೂ, ಹುಣ್ಣಿಮೆ. ಪಕ್ಕದ ತೂತಿನಲ್ಲಿ ಕರಿಗಾಜು ಹಿಡಿದು ನೋಡಿ, "ನೀಲಮ, ಬಣ್ಣಾ ಹೆಚ್ಚೈತಿ. ನಿನ್ನ ಯಂತ್ರ ಚೆಂಡುಹೂ ಅಂತೈತಿ, ಒಳಗ ಹುಣ್ಣಿಮಿ ಆಗೈತಿ," ಅಂದಿದ್ದ.

"ಕಾಕಾ, ಕಣ್ಣಿಗೆ ವಯಸ್ಸಾಗತೈತಿ, ಯಂತ್ರಕ್ಕಿಲ್ಲ," ಎಂದು ಅವಳು ನಕ್ಕಿದ್ದಳು.

ಅವನೂ ನಕ್ಕಿದ್ದ. ಅಟೆಂಡರನ ಕಣ್ಣನ್ನು ಯಾರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ?

ಬೆರಳ ತುದಿಗೆ ಚೂರು ಪುಡಿ ಮೆತ್ತಿಕೊಂಡು ಅವನು ಕೆಳಗಿಳಿದ. ಕುಲುಮೆಯ ಕರಿಯಾದರೆ ಇದು ಕಪ್ಪಿರಬೇಕಿತ್ತು. ಮೂಸಿದ. ಹಳೆಯ, ಸತ್ತ ವಾಸನೆ. ಆದರೆ ಗೊತ್ತಿರುವ ವಾಸನೆ. ಬನಿಯನ್ನಿನ ಕಿಸೆಯಿಂದ ತಂಬಾಕಿನ ಚೀಲ ತೆಗೆದು, ಸುಣ್ಣದ ಡಬ್ಬಿ ಬಿಚ್ಚಿ, ಉಗುರಿನಷ್ಟು ಸುಣ್ಣವನ್ನು ಪುಡಿಯ ಮೇಲೆ ಇಟ್ಟು ಹೆಬ್ಬೆರಳಿನಿಂದ ತಿಕ್ಕಿದ.

ಬೆರಳು ಕೆಂಪಾಯಿತು. ಆರತಿ ತಟ್ಟೆಯ ನೀರಿನಷ್ಟು ಕೆಂಪು.

ಅರಿಷಿಣ.

ಉರಿಯುವ ಕುಲುಮೆಯ ನೆತ್ತಿಗೆ ಅರಿಷಿಣ ಎಲ್ಲಿಂದ ಬರಬೇಕು? ಪೆಟ್ಟಿಗೆಯ ಸುತ್ತ ತಣ್ಣೀರಿನ ಕೊಳವೆ ಇರುವುದರಿಂದ ಅದು ಸುಟ್ಟು ಹೋಗದೆ ಉಳಿದಿತ್ತು. ತಂದು ಹಾಕಿದ ಕೈ ಯಾವುದು ಎಂದು ದಶರಥ ಬಹಳ ಯೋಚಿಸಬೇಕಾಗಲಿಲ್ಲ. ಹಾಗೆ ಹಿಡಿಗಟ್ಟಲೆ ಅರಿಷಿಣವನ್ನು ಭಂಡಾರವೆಂದು ಎರಚುವವರು ಮಲ್ಲಯ್ಯನ ಒಕ್ಕಲಿನವರು.

"ಏನ್ ಕಾಕಾ, ಮಶೀನಿನ ತಲೀ ಬೋಳಸಾಕತ್ತೀರೇನು?"

ಬಾಗಿಲಲ್ಲಿ ಸಂಜಯ ನಿಂತಿದ್ದ. ಕಾಗವಾಡದ ಕಡೆಯ ಹುಡುಗ, ನೀಲಮಳ ಜೊತೆಗೇ ಇಲ್ಲಿ ಸಂಶೋಧನೆಗೆ ಸೇರಿದವನು. ತಂದೆ ವಿರುಪಾಕ್ಷಪ್ಪನವರಿಗೆ ಹದಿನೆಂಟು ಎಕರೆ ಕಬ್ಬು, ಆರು ಎಕರೆ ದ್ರಾಕ್ಷಿ. ಪುಸ್ತಕ ಕದ್ದವನು ಇವನೇ ಇರಬೇಕೆಂದು ಕ್ಯಾಂಟೀನಿನಲ್ಲಿ ಅರ್ಧ ಮಂದಿ ಹೇಳುತ್ತಿದ್ದರು. ನೀಲಮಳನ್ನು ಕಂಡರೆ ಅವನಿಗೆ ಆಗದು ಅನ್ನುವುದು ಮುಚ್ಚಿಟ್ಟ ಸಂಗತಿಯೇನಲ್ಲ.

"ಒಳಗ ಬರ್ರಿ ಸಂಜಯ ಸರ್. ನಿಮ್ಮ ಜೋಡಿ ಒಂದ್ ಮಾತೈತಿ."

"ನನ್ನ ಜೋಡಿ ಎಲ್ಲಾರ್ದೂ ಒಂದ ಮಾತೈತಿ ಈಗ. ಪುಸ್ತಕ ಎಲ್ಲಿ ಇಟ್ಟೀಲೇ ಅಂತ. ನೀವೂ ಸಿಐಡಿ ಆದ್ರೇನು?"

ದಶರಥ ಕೆಂಪು ಬೆರಳು ಮುಂದೆ ಹಿಡಿದ. "ಇದೇನ್ರಿ?"

"ಕುಂಕುಮ."

"ಕುಂಕುಮಲ್ಲ. ನಿಮ್ಮನಿ ದೇವ್ರು ಯಾವ್ದ್ರಿ?"

"ಮಂಗಸೂಳಿ ಮಲ್ಲಯ್ಯ. ಯಾಕ, ಹರಕಿ ಹೊರವ್ರಿದ್ದೀರೇನು?"

"ಮಲ್ಲಯ್ಯನ ಭಂಡಾರ ಮಶೀನಿನ ಪೆಟಿಗ್ಯಾಗ ಕುಂತೈತ್ರಿ. ಸುಣ್ಣಾ ಹಚ್ಚಿದೆ, ಬಾಯಿ ಬಿಡ್ತು."

ಸಂಜಯನ ನಗೆ ಅಲ್ಲೇ ನಿಂತಿತು. ಅವನು ಸ್ಟೂಲು ಹತ್ತಿ ಪೆಟ್ಟಿಗೆಯೊಳಗೆ ನೋಡಿದ. ಬಹಳ ಹೊತ್ತು ನೋಡಿದ. ಇಳಿದು ಬಂದು ನೆಲದ ಮೇಲೇ ಕೂತುಬಿಟ್ಟ.

"ದಸರಾ ಖಂಡೇಪೂಜಿ ದಿವ್ಸ," ಅಂದ ಮೆಲ್ಲಗೆ. "ಕುಲುಮಿ ಎರಡು ಸಲ ಕೆಟ್ಟಿತ್ತಲ್ಲ, ಅದನ್ನ ಮನ್ಯಾಗ ಹೇಳಿದ್ದೆ. ನಮ್ಮವ್ವ ಭಂಡಾರದ ಪುಡಿಕಿ ಕಟ್ಟಿ ಕೊಟ್ಲು. 'ಮಲ್ಲಯ್ಯಂದು ಒಂದ್ ಚಿಟಿಕಿ ಹಾಕೋ, ಯಾರ್ದೂ ನೆದರ ತಾಕೂದಿಲ್ಲ' ಅಂದ್ಲು. ಚಿಟಿಕಿ ಎಲ್ಲೀದು? ನಾನು ಸ್ಟೂಲ ಹತ್ತಿ, ಯೇಳಕೋಟ್ ಅಂತ ಒಂದ್ ಹಿಡಿ ಒಗದೆ. ಪೈರೋಮೀಟರ್ ತಪಾಸಣಿಗೆ ಹೋಗಿತ್ತು. ಪೆಟಿಗಿ ಮುಚ್ಚಳಾ ಬಿಚ್ಚಿ ಟೇಬಲ್ ಮ್ಯಾಲ ಇಟ್ಟಿದ್ರು. ನನಗೇನ್ ಗೊತ್ತು ಕಾಕಾ?"

ದಶರಥನಿಗೆ ಆ ದಿನ ಹಾಗೇ ಕಣ್ಣ ಮುಂದೆ ಬಂತು. ಕುಲುಮೆಯ ಬುಡದಲ್ಲಿ ತೆಂಗಿನಕಾಯಿ ಒಡೆದವನು ಅವನೇ. ಕರ್ಪೂರ ಹಚ್ಚಿದವನೂ ಅವನೇ. ಬೆನ್ನ ಹಿಂದೆ ಮಲ್ಲಯ್ಯನ ಯೇಳಕೋಟ್ ಜೈಕಾರ ಕೇಳಿ, ತಿರುಗಿ ನೋಡದೆ, ಕಣ್ಣು ಮುಚ್ಚಿ ಕೈಮುಗಿದಿದ್ದ. ಎರಡು ದಿನ ಬಿಟ್ಟು ತಪಾಸಣೆಯವನು ಪೈರೋಮೀಟರ್ ತಂದು ಕೂರಿಸಿ, ಪೆಟ್ಟಿಗೆಯೊಳಗೆ ಬಗ್ಗಿ ನೋಡದೆ ತಾನೇ ತಂದ ಕೀಲಿಯಿಂದ ಮುಚ್ಚಳ ಬಿಗಿದು ಹೋಗಿದ್ದ.

"ಇಷ್ಟು ದಿವ್ಸ ಯಾಕ ಸುಮ್ಮನಿದ್ರಿ?"

"ಗೊತ್ತಿದ್ರ ಸುಮ್ಮನಿರ್ತಿದ್ನಾ?" ಸಂಜಯ ಸಿಡಿದ. "ದೀಪಾವಳ್ಯಾಗ ನಾನು ಟ್ಯಾಂಟಲಮ್ ಬೋರೈಡ್ ಅಳದಿದ್ದೆ. ಹಳೇ ಪುಸ್ತಕದ ಅಂಕೀಗೆ ತಾಳೀ ಆಗಲಿಲ್ಲ ಅಂತ ಸಾಹೇಬ್ರು ನನ್ನ ಹಾಳಿ ಹರದು ಕಸದ ಬುಟ್ಟಿಗೆ ಹಾಕಿದ್ರು. 'ನಿನಗ ದ್ರಾಕ್ಷಿ ಮಾರೂದ ಬರೋಬ್ಬರಿ' ಅಂದ್ರು, ಎಲ್ಲಾರ ಮುಂದ. ಒಂದ್ ವರ್ಷ ಹೋತು ನಂದು. ಆಕಿ ಗುಂಡು ಹೊಸಾದು, ಅದಕ್ಕ ಹಳೇ ಅಂಕಿನ ಇರಲಿಲ್ಲ. ಯಾರ್ ತಾಳೀ ನೋಡ್ತಾರ? ಅದ ಮಶೀನು, ಅದ ಧೂಳ. ನನ್ನ ಅಂಕಿ ತಿಪ್ಪಿಗೆ ಹೋತು, ಆಕಿ ಅಂಕಿ ಪರದೇಶಕ್ಕ ಹೋತು."

ಇವನ ಕಹಿ ಇಂದಿನದಲ್ಲ. ಆದರೆ ಇದು ಕಳ್ಳನ ಕಹಿಯೂ ಅಲ್ಲ ಅನ್ನಿಸಿತು ದಶರಥನಿಗೆ. ಅಂಥದನ್ನು ಅವನು ಬಹಳ ನೋಡಿದ್ದ.

"ಶುಕ್ರವಾರ ಈ ಮಾತು ಹೇಳ್ತೀರೇನ್ರಿ? ಎಲ್ಲಾರ ಮುಂದ?"

ಸಂಜಯ ತಲೆ ತಗ್ಗಿಸಿ ನೆಲದ ಮೇಲಿನ ಸ್ಕ್ರೂ ಒಂದನ್ನು ಉರುಳಿಸುತ್ತ ಕೂತ. "ಆಕಿ ನನಗ ಒಂದ್ ದಿವ್ಸ ಚಾ ಕುಡದಿಯೇನು ಅಂತ ಕೇಳಿದವಳಲ್ಲ. ಆದ್ರೂ ಹೇಳ್ತೇನಿ. ನಮ್ಮಪ್ಪ ಮನಿ ಬಿಟ್ಟ ಹೊರಗ ಹಾಕಿದ್ರ ನಿಮ್ಮ ಹಂತ್ಯಾಕ ಬರ್ತೇನಿ, ಒಂದ್ ಭಕ್ರಿ ಹಾಕ್ರಿ."

"ಎರಡ ಹಾಕ್ತೇನ್ ಬರ್ರಿ."

"ಆದ್ರ ಕಾಕಾ..." ಅವನು ಎದ್ದು ನಿಂತ. "ಪುಡಿ ಒಗದಾಂವ ನಾನು. ನಡುವ ಒರಸಿದಾಂವ ಯಾರು? ಒರಸಿದವ್ರಿಗೆ ಗೊತ್ತಿತ್ತಲ್ಲ, ಅಂಕಿ ಎಲ್ಲಾ ಸುಳ್ಳ ಅಂತ? ಅವ್ರ್ಯಾಕ ಬಾಯಿ ಬಿಡಲಿಲ್ಲ?"

ದಶರಥ ಬಗ್ಗಿ ನೆಲದ ಮೇಲಿನ ಸ್ಕ್ರೂ ಹೆಕ್ಕಿಕೊಂಡ.

"ಲ್ಯಾಬಿನ್ಯಾಗ ಪೆಟಿಗಿ ಬಿಚ್ಚೂ ಅಲೆನ್ ಕೀ ಒಂದ ಐತಿ. ಅದು ನಿಮ್ಮ ಉಡದಾರದಾಗ ಇರತೈತಿ. ಶುಕ್ರವಾರ ಮೊದ್ಲ ಕೇಳೂ ಪ್ರಶ್ನೆ ಅದ, ನೆನಪಿಟ್ಗೊಳ್ರಿ."

ಸಂಜಯ ಹೋದ ಮೇಲೆ ದಶರಥ ಗಾಜನ್ನು ಒರೆಸದೆ ಹಾಗೇ ಬಿಟ್ಟು, ನಾಲ್ಕೂ ಸ್ಕ್ರೂ ಬಿಗಿದ. ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಹನ್ನೆರಡು ವರ್ಷದಲ್ಲಿ ಅದು ಅವನ ಸೊಂಟ ಬಿಟ್ಟು ಹೋದದ್ದು ಒಂದೇ ಸಲ.

ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ನೆನಪಿರಬಾರದಿತ್ತು ಅನ್ನಿಸಿತು. ಮರೆವು ಬರಬೇಕಾದ ವಯಸ್ಸಿನಲ್ಲಿ ದೇವರು ಅವನಿಗೆ ಮರೆವು ಕೊಟ್ಟಿರಲಿಲ್ಲ.

ಸಂಕ್ರಾಂತಿಯ ಮರುದಿನ, ಶುಭಕಾರ್ಯ ಮಾಡದೆ ಉಂಡು ತಿನ್ನುವ ಕರಿ. ಎಳ್ಳು ಬೆಲ್ಲ ಕೊಟ್ಟು ನೀಲಮ ಕೇಳಿದ್ದಳು: "ಕಾಕಾ, ಪೈರೋಮೀಟರಿಂದು ಒಂದ್ ಸ್ಕ್ರೂ ಸಡ್ಲಾಗೈತಿ, ಕೀಲಿ ಕೊಡ್ರಿ." ಮಧ್ಯಾಹ್ನ ಕೀಲಿ ತಂದುಕೊಟ್ಟಾಗ ಅವಳ ಮುಖ ಬಿಳಿಚಿಕೊಂಡಿತ್ತು. "ಮೈಯಾಗ ಆರಾಮಿಲ್ಲೇನು?" ಅಂದದ್ದಕ್ಕೆ, "ಉಪವಾಸ ಐತ್ರಿ," ಅಂದಿದ್ದಳು. ಕರಿಯ ದಿನ ಯಾರು ಉಪವಾಸ ಇರುತ್ತಾರೆ? ಆಗ ಅವನು ಅದನ್ನು ಕೇಳಲಿಲ್ಲ.

ಆಮೇಲೆ ಹನ್ನೆರಡು ದಿನಕ್ಕೆ, ಧ್ವಜ ಏರಿಸಿದ ಮರುದಿನ, ಲೇಖನ ಪರದೇಶಕ್ಕೆ ಹೋಯಿತೆಂದು ಅವಳು ಪೇಡೆ ಹಂಚಿದ್ದಳು. ಮೊದಲನೆಯ ಪೇಡೆ ಅವನ ಕೈಗೇ ಇಟ್ಟಿದ್ದಳು.

'ಇಲ್ಲ' ಎಂದು ಅವನು ತನಗೇ ಹೇಳಿಕೊಂಡ. ಸ್ಕ್ರೂ ಸಡಿಲಾಗಿದ್ದದ್ದು ಖರೇ ಇರಬಹುದು. ಒರೆಸಿದವರು ಬೇರೆ ಯಾರೋ ಇರಬಹುದು. ಸಂಜೆ ಎರಡು ಸಲ ಅವಳಿಗೆ ಫೋನು ಮಾಡಿಸಿದ. ಬಂದ್ ಇತ್ತು.

ಮರುದಿನ ಬುಧವಾರ ಹತ್ತು ಗಂಟೆಯ ರಾಯಬಾಗದ ಬಸ್ಸು ಹಿಡಿದು ಊರಿಗೆ, ನೀಲಮಳ ಮನೆಗೆ ಹೋದ. ಬಸ್ಸಿನಲ್ಲಿ ಕೂತು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡ. ಕೆಟ್ಟದ್ದನ್ನು ಹಿಂದೆ ತಳ್ಳಿ ಒಳ್ಳೆಯದನ್ನು ಮುಂದೆ ಇಟ್ಟ. ಸಂಜಯ ಒಪ್ಪಿದ್ದಾನೆ. ಗಾಜು ಹಾಗೇ ಇದೆ. ಸುಣ್ಣ ಹಚ್ಚಿ ತೋರಿಸಿದರೆ ಯಾವ ದೊಡ್ಡ ಮನುಷ್ಯನೂ ಇಲ್ಲ ಅನ್ನಲಾರ.

ಅಕ್ಕುತಾಯಿ ಹಿತ್ತಲಲ್ಲಿ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನೆತ್ತಿಯ ಮೇಲೆ ಬಿಸಿಲು, ಸುತ್ತ ಸಾಬೂನಿನ ನೀರು.

"ಬಾ ದಾದಾ. ಇಷ್ಟ್ ಬಿಸಲಾಗ ಬಂದಿ? ಮಜ್ಜಿಗಿ ಕೊಡ್ಲಿ?"

"ಮಜ್ಜಿಗಿ ಆಮ್ಯಾಲ. ಮೊದ್ಲ ಕೇಳು. ನಿನ್ನ ಮಗಳು ಸುಳ್ಳ ಬರದಿಲ್ಲ, ಅಕ್ಕುತಾಯಿ. ಆಕಿ ಅಳದದ್ದ ಬರದಾಳ. ಗಾಜಿನ ಮ್ಯಾಲ ಧೂಳ ಕುಂತು ಯಂತ್ರ ಸುಳ್ಳ ಹೇಳೈತಿ. ಧೂಳ ಹಾಕಿದಾಂವನೂ ಒಪ್ಪ್ಯಾನ."

ಅಕ್ಕುತಾಯಿ ಒಮ್ಮೆಲೇ ಅಳಲಿಲ್ಲ. ನೊರೆಗೈಯಿಂದ ಹಣೆ ಮುಟ್ಟಿಕೊಂಡಳು. ಆಮೇಲೆ ಸೆರಗು ಬಾಯಿಗೆ ಒತ್ತಿದಳು. "ನಾ ಹೇಳಿದ್ದೆ ದಾದಾ. ಓಣ್ಯಾಗ ಎಲ್ಲಾರಿಗೂ ಹೇಳಿದ್ದೆ. ಕೂಲಿ ಮಾಡಿ ಓದಿಸಿದ ಕೂಸು, ಕದ್ದು ಬರಿಯೂದಿಲ್ಲ ಅಂತ. ಬೀದ್ಯಾಗ ಹೋದ್ರ ನಗ್ತಿದ್ರು. ದೊಡ್ಡ ಓದು ಓದಾಕ ಹೋಗಿದ್ಲು, ಕಬ್ಬಿಗೇ ಬರ್ತಾಳ ನೋಡು ಅಂತಿದ್ರು."

ಕಣ್ಣೊರೆಸಿಕೊಂಡು ಅವಳು ಮತ್ತೆ ಕೈಗೆ ಸಿಕ್ಕ ಬಟ್ಟೆ ತಿಕ್ಕತೊಡಗಿದಳು. ಅಂಗೈಯಗಲದ ನಯವಾದ ಬಿಳಿ ಬಟ್ಟೆ, ಚಷ್ಮಾ ಒರೆಸುವಂಥದು. ಸಾಬೂನು ತಾಕಿದ್ದೇ ಅದರ ನಡುವೆ ಒಂದು ಕಲೆ ಎದ್ದು ಕಂಡಿತು.

ಕೆಂಪು ಕಲೆ.

ದಶರಥ ಬಗ್ಗಿ ನೋಡಿದ.

"ನೋಡು ಈ ದರಿದ್ರ ಕಲೀ," ಅಂದಳು ಅಕ್ಕುತಾಯಿ. "ಒಣಗಿದ್ರ ಹಳದಿ, ಸಾಬೂನ ಹಚ್ಚಿದ್ರ ರಕ್ತ ಆದಂಗ ಆಗತೈತಿ. ಎಷ್ಟ್ ಒಗದ್ರೂ ಹೋಗವಲ್ದು. ಇದು ನೀಲಮಂದು."

"ಯಾವಾಗಿಂದೈತಿ ಇದು?" ಅವನು ಕೇಳಿದ.

"ಸಂಕ್ರಾಂತಿ ಕರೀ ದಿವ್ಸ. ಅದಕ್ಕ ಮರತಿಲ್ಲ ನೋಡು. ಕರೀ ದಿವ್ಸ ಅರಿಷಿಣಾ ಯಾಕ ಮುಟ್ಟಿದ್ಯಬೇ ಅಂತ ಬೈದಿದ್ದೆ. ಬಾಯಿ ಬಿಡಲಿಲ್ಲ. ಊಟಾ ಮಾಡಲಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು."

ಕರಿಯ ದಿನ ಒರೆಸಿದ್ದಾಳೆ. ಹನ್ನೆರಡು ದಿನ ಬಿಟ್ಟು ಲೇಖನ ಕಳಿಸಿದ್ದಾಳೆ. ಪೇಡೆ ಹಂಚಿದ್ದಾಳೆ. ಸುಳ್ಳು ಬರೆದವಳಲ್ಲ, ಸುಳ್ಳು ಎಂದು ಗೊತ್ತಾದ ಮೇಲೂ ಅಳಿಸಿದವಳಲ್ಲ. ದಶರಥನ ಬಾಯಲ್ಲಿ ನಾಲ್ಕು ತಿಂಗಳ ಹಿಂದಿನ ಪೇಡೆ ಕಹಿಯಾಯಿತು.

"ಆಕಿ ಎಲ್ಲಿ ಅದಾಳ ಅಕ್ಕುತಾಯಿ? ಕರೀ ಒಮ್ಮೆ."

ಅಕ್ಕುತಾಯಿ ಕೈ ನಿಲ್ಲಿಸಿದಳು. "ನಿನಗ ಹೇಳಿಲ್ಲ? ಮುಂಜಾನಿ ಸಾಹೇಬ್ರು ಬಂದು ಕರಕೊಂಡು ಹೋದ್ರಲ್ಲ."

"ಯಾವ ಸಾಹೇಬ್ರು?"

"ಶೀತಲ ಸಾಹೇಬ್ರು, ಮತ್ತ್ಯಾರು? ತಮ್ಮ ಗಾಡಿ ತಾವ ಹೊಡಕೊಂಡು ಬಂದಿದ್ರು. 'ಅವ್ವಾ, ಚೌಕಶಿಗೆ ಮೊದ್ಲ ಒಂದ್ ಕೆಲಸಾ ಮುಗಸೂದೈತಿ' ಅಂದ್ರು. ಚಾ ಕೊಟ್ಟೆ, ಮುಟ್ಟಲಿಲ್ಲ. ಆಕಿ ಜೋಳದ ಡಬ್ಬ್ಯಾಗ ಕೈ ಹಾಕಿ ಪುಸ್ತಕಾ ತಗದ್ಲು."

"ಎಂಥಾ ಪುಸ್ತಕ?"

"ಕರೀ ರಟ್ಟಿಂದು. ನನಗೇನ್ ಗೊತ್ತು ದಾದಾ, ನನ್ನ ಜೋಳದಾಗ ಪುಸ್ತಕ ಐತಿ ಅಂತ? ಹದಿನೈದ್ ದಿವ್ಸ ಅದ ಡಬ್ಬಿ ತಗದು ಬೀಸಿ ಭಕ್ರಿ ಬಡದೇನಿ."

'ಮ್ಯಾಲಿನ ಪೆಟಿಗೀನೂ ಒಮ್ಮೆ ಒರಸಿಬಿಡ್ರಿ.' ಸೋಮವಾರ ಸಂಜೆಯ ಆ ಮಾತು ದಶರಥನ ಕಿವಿಯಲ್ಲಿ ಮತ್ತೆ ಆಡಿತು. ಹನ್ನೆರಡು ವರ್ಷ ಮುಟ್ಟಬೇಡ ಅಂದವರು, ದಶರಥನ ಕೈಯಿಂದಲೇ, ಅವನ ಬಟ್ಟೆಯಿಂದಲೇ ಅರಿಷಿಣದ ಸಾಕ್ಷಿ ಅಳಿಸಲು ಹೇಳಿದ್ದರು.

"ಯಾ ಕಡೆ ಹೋದ್ರು? ಚಿಕ್ಕೋಡಿಗೇನು?"

"ಇಲ್ಲ. ಗಾಡಿ ಕಾಗವಾಡ ಕಡೆ ಹೊಳ್ಳಿತು." ಅಕ್ಕುತಾಯಿಗೆ ಈಗ ಅವನ ಮುಖ ಕಂಡಿತು. ಬಟ್ಟೆ ಅವಳ ಕೈಯಲ್ಲೇ ಹಿಂಡಿಕೊಂಡಿತು. "ಯಾಕ ದಾದಾ? ಗುರುಗಳಲ್ಲ? ಏನಾರ ಆಗೈತೇನು? ಹತ್ತುವಾಗ ಆಕಿ ಒಂದ ಮಾತ ಹೇಳಿದ್ಲು. ದಶರಥ ಕಾಕಾ ಬಂದ್ರ ಹೇಳಬೇ, ಬಣ್ಣಾ ಹೆಚ್ಚ ಇತ್ತು ಅಂತ. ಹಂಗಂದ್ರ ಏನು?"

ಒಗೆಯುವ ಕಲ್ಲಿನಿಂದ ಕೆಂಪು ನೀರು ಸಣ್ಣಗೆ ಹರಿದು ದಶರಥನ ಚಪ್ಪಲಿಯ ತನಕ ಬಂದು ನಿಂತಿತ್ತು.

ನೀಲಮ ಹೋದದ್ದು ಬುಧವಾರ, ಬಿಸಿಲು ಏರುವ ಮೊದಲು. ಕರೆದುಕೊಂಡು ಹೋದವರು, ಅವಳ ಮೇಲೆ ದೂರು ಬರೆದು ಸಹಿ ಹಾಕಿದವರು; ಅವಳು ಅಳೆದದ್ದಕ್ಕೆ ಸಾಕ್ಷಿಯಾದ ಪುಸ್ತಕವೂ ಅವರ ಗಾಡಿಯಲ್ಲೇ ಹೋಗಿತ್ತು.